ಟೇಪಣ್ಣನ ಪಡುವಣ ಕಿಟಕಿ

ಕೂತಲ್ಲಿ ಕೂರದ ಮನುಷ್ಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಎದುರುಮನೆಯ ಟೇಪಣ್ಣನಂಥ ಇನ್ನೊಬ್ಬನನ್ನು ಮಾತ್ರ ಕಂಡಿಲ್ಲ. ಕುರ್ಚಿ ಕೊಟ್ಟರೆ ಅದರ ಅಂಚಿಗೆ ತಾಗಿದಂತೆ ಮಾಡಿ ಮತ್ತೆ ಎದ್ದುಬಿಡುತ್ತಾನೆ. ನಿಂತರೆ ಬೆರಳ ಗೆಣ್ಣಿನಿಂದ ಗೋಡೆ ಕುಟ್ಟುತ್ತಾನೆ, ಒಳಗೆ ಪೊಳ್ಳೋ ಗಟ್ಟಿಯೋ ಕೇಳಿಸಿಕೊಳ್ಳುತ್ತಾನೆ. ಹೊರಟು ಹೋಗುವಾಗ ಮೆಟ್ಟಿಲ ಎತ್ತರವನ್ನು ಕಾಲಲ್ಲೇ ಅಂದಾಜು ಮಾಡಿ ಒಂದು ಹುಬ್ಬು ಏರಿಸಿ ಹೋಗುತ್ತಾನೆ. ಅವನ ಪಾದಕ್ಕೆ ಯಾರೋ ಇರುವೆ ಬಿಟ್ಟಿದ್ದಾರೆ ಅಂತ ನಮ್ಮ ಬೀದಿಯವರು ತಮಾಷೆ ಮಾಡುವುದುಂಟು.

ಕೆಲಸವೂ ಅವನ ಕಾಲಿಗೆ ತಕ್ಕದ್ದೇ. ಕಟ್ಟಡ ತಪಾಸಣೆ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಯಾರೇ ಮನೆ ಕಟ್ಟಲಿ, ಇವನು ಹೋಗಿ ಅಳೆಯಬೇಕು. ಕೋಣೆಯ ಎತ್ತರ ಇಷ್ಟಿದೆಯೋ, ನೆಲದ ಹತ್ತನೇ ಒಂದು ಭಾಗದಷ್ಟು ಕಿಟಕಿ ಇದೆಯೋ, ಮೆಟ್ಟಿಲಿನ ಅಗಲ, ಗೋಡೆಯ ದಪ್ಪ, ಪಕ್ಕದವರಿಗೂ ನಮಗೂ ನಡುವೆ ಬಿಟ್ಟ ಜಾಗ, ಎಲ್ಲ ನಿಯಮದ ಪುಸ್ತಕದಲ್ಲಿ ಇರುವ ಹಾಗಿದೆಯೋ ನೋಡಬೇಕು. ಇದ್ದರೆ ಪಾಸು. ಇಲ್ಲದಿದ್ದರೆ ಯಾರಪ್ಪನ ಮಗನಾದರೂ ಒಡೆಸುತ್ತಿದ್ದ. ಕೈ ಚಾಚಿದವನಲ್ಲ, ತಲೆ ಬಾಗಿಸಿದವನಲ್ಲ. ಕಬ್ಬಿಣದ ಟೇಪು ಸದಾ ಸೊಂಟದಲ್ಲಿ. ಹಾಗೆ ಬಂದ ಹೆಸರು ಟೇಪಣ್ಣ. ತಾಯಿ ತಂದೆ ಇಟ್ಟ ಹೆಸರನ್ನು ಈಗ ಅವನ ಹೆಂಡತಿಯೂ ಮರೆತಿರಬೇಕು.

ಆಕೆ ಟೈಲರು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದೇ ಹೊಲಿಗೆಯಕ್ಕ ಎನಿಸಿಕೊಂಡವಳು. ಮಾತು ಕಡಿಮೆ. ಬಾಯಲ್ಲಿ ಸೂಜಿ ಕಚ್ಚಿಕೊಂಡು ಅಭ್ಯಾಸವಾಗಿ ಹಾಗಾಯಿತೋ, ಗಂಡ ಮಾತಿಗೆ ಬಿಡುವು ಕೊಡದೆ ಹಾಗಾಯಿತೋ, ಹೇಳಲಾರೆ.

ಟೇಪಣ್ಣ ಮನೆ ಕಟ್ಟಿಸಿದಾಗ ಗಾರೆ ಕೆಲಸ ನನ್ನದು. ಶಾಲೆಯಲ್ಲಿ ನಾನು ಕಲಿತದ್ದು ಅಕ್ಷರ, ಉಳಿದದ್ದೆಲ್ಲ ಕರಣೆ ಕಲಿಸಿದ್ದು. ಹಾಗಂತ ನನ್ನ ಗೋಡೆಗೆ ಇವತ್ತಿನವರೆಗೆ ಯಾರ ತೂಗುಗುಂಡೂ ತಪ್ಪು ಹೇಳಿಲ್ಲ. ಆ ಮನೆಯ ಒಂದೊಂದು ಕಲ್ಲಿಗೂ ಅವನು ಟೇಪು ಹಿಡಿದ. ನಿಯಮ ಎಷ್ಟು ಹೇಳಿದೆಯೋ ಅಷ್ಟೇ. ಒಂದು ಬೆರಳು ಕಡಿಮೆಯಿಲ್ಲ, ಒಂದು ಬೆರಳು ಹೆಚ್ಚೂ ಇಲ್ಲ. ಹೆಚ್ಚು ಕೊಡುವುದು ಅವನ ಲೆಕ್ಕದಲ್ಲಿ ದುಂದು, ಕಡಿಮೆ ಕೊಡುವುದು ಮೋಸ.

ಮಹಡಿಯ ಮೇಲೆ ಒಂದೇ ಕೋಣೆ, ಹೊಲಿಗೆಗೆ ಅಂತಲೇ ಮಾಡಿದ್ದು. ಕಿಟಕಿ ಉತ್ತರಕ್ಕಿರಲಿ, ಬೆಳಕು ಸಮನಾಗಿ ಬೀಳುತ್ತದೆ, ಬಟ್ಟೆಯ ಬಣ್ಣ ನಿಜ ಕಾಣುತ್ತದೆ ಅಂತ ಆಕೆ ಕೇಳಿದ್ದಳು. ಟೇಪಣ್ಣ ಅಳೆದ. ಉತ್ತರದಲ್ಲಿ ಪಕ್ಕದವರ ಗಡಿಗೂ ಗೋಡೆಗೂ ನಡುವಿನ ಜಾಗ ಕಿಟಕಿ ತೆರೆಯಲು ಬೇಕಾದದ್ದಕ್ಕಿಂತ ಒಂದು ಗೇಣು ಕಡಿಮೆ. ಪಡುವಣಕ್ಕೆ ಬೇಕಾದಷ್ಟು ಜಾಗ. ಕಿಟಕಿ ಎಷ್ಟು ದೊಡ್ಡದಿರಬೇಕೆಂದು ಪುಸ್ತಕ ಹೇಳುತ್ತದೆಯೇ ಹೊರತು ಯಾವ ದಿಕ್ಕಿಗಿರಬೇಕೆಂದು ಹೇಳುವುದಿಲ್ಲ. ಪಡುವಣಕ್ಕೇ ಇಡಿಸಿದ. ಚೌಕಟ್ಟು ಕೂರಿಸುವ ಮೊದಲು ಆಕೆಯ ಹೊಲಿಗೆ ಮೇಜನ್ನು ಅದೇ ಕಿಂಡಿಯಿಂದ ಹಗ್ಗ ಕಟ್ಟಿ ಮೇಲೆಳೆದೆವು. ಬಡಗಿಯಾಗಿದ್ದ ಆಕೆಯ ತಂದೆ ಮಾಡಿಕೊಟ್ಟ ಮೇಜು ಅದು. ಯಂತ್ರವೂ ಬಟ್ಟೆ ಹರಡುವ ಉದ್ದ ಹಲಗೆಯೂ ಒಂದೇ ಅಂಗವಾಗಿ ಬೆಸೆದದ್ದು, ಒಂದು ಮೊಳೆ ಇಲ್ಲ. ಬಿಚ್ಚಬೇಕೆಂದರೆ ಗರಗಸವೇ ಬೇಕು.

ಆಮೇಲಿನದು ಆಕೆಯ ಪಾಡು. ಬೇಸಿಗೆಯ ಮಧ್ಯಾಹ್ನ ಇಳಿಬಿಸಿಲು ಕಿಟಕಿಯಲ್ಲಿ ನೇರ ಒಳಗೆ. ತಲೆಯ ಮೇಲಿನ ತಾರಸಿ ಹಗಲೆಲ್ಲ ಕಾದು ಸಂಜೆ ಶಾಖ ಕೆಳಕ್ಕೆ ಸುರಿಯಿತು. ಫ್ಯಾನು ಹಾಕಿದರೆ ಬಿಸಿಗಾಳಿ ಸುತ್ತಿತು, ಬಟ್ಟೆಯೂ ಹಾರಿತು. ಚಳಿಗಾಲದಲ್ಲಿ ಅದೇ ಕೋಣೆ ಮಂಜು. ಬೆರಳು ಮರಗಟ್ಟಿ ಸೂಜಿ ಜಾರುತ್ತಿತ್ತು. ಬೇಸಿಗೆಯಲ್ಲಿ ಮೊಣಕೈಯಿಂದ ಇಳಿದ ಬೆವರು ಬಿಳಿ ಅಂಗಿಗಳ ಮೇಲೆ ಕಲೆಯಾದರೆ ಮತ್ತೆ ಒಗೆಯಬೇಕು. ಏನು ಹೇಳಿದರೂ ಟೇಪಣ್ಣನ ಉತ್ತರ ಒಂದೇ. ಕೋಣೆ ನಿಯಮದ ಪ್ರಕಾರ ಇದೆ.

ಹೀಗಿರುವಾಗ ಆಕೆಯ ತಮ್ಮ ನಮ್ಮ ಬೀದಿಯ ಕೊನೆಯಲ್ಲೇ ಜಾಗ ತೆಗೆದುಕೊಂಡು ಮನೆ ಎಬ್ಬಿಸಿದ. ಅವನೂ ತಂದೆಯ ಹಾಗೆ ಬಡಗಿ. ಬಿಸಿಲು ಚಳಿಯನ್ನು ಗೋಡೆಯೇ ತಡೆಯುವ ಹಸಿರು ಮನೆ ಅಂತ ಯಾರೋ ತಲೆಗೆ ತುಂಬಿದ್ದರು. ಸ್ವಭಾವ ನಿಧಾನ, ತುಂಬಿದ್ದು ಹೊರಗೆ ಬರುವುದಿಲ್ಲ. ಸಂಬಂಧಿಕರ ಮನೆ ತಾನು ಪಾಸು ಮಾಡಬಾರದು ಅಂತ ಟೇಪಣ್ಣ ಆ ಕೆಲಸವನ್ನು ಕಚೇರಿಯ ಇನ್ನೊಬ್ಬನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟೇನೋ ಕೊಟ್ಟ, ಕಾಲು ಕೇಳಬೇಕಲ್ಲ. ದಿನ ಬಿಟ್ಟು ದಿನ ಅಲ್ಲಿಗೆ ಹೋಗಿ ಗೋಡೆ ಕುಟ್ಟಿ ಬರುತ್ತಿದ್ದ.

ಕುಟ್ಟಿದರೆ ಪೊಳ್ಳು ಸದ್ದು. ಬಡಗಿ ಗೋಡೆಯನ್ನು ಎರಡು ಸಾಲಾಗಿ ಕಟ್ಟಿಸಿ ನಡುವೆ ಕೈ ಹೋಗುವಷ್ಟು ಸಂದು ಬಿಟ್ಟಿದ್ದ. ತಾರಸಿಯ ಮೇಲೆ ಶಾಖ ತಡೆಯುವ ಹಗುರ ಹಲಗೆಗಳ ಪದರ, ಅದರ ಮೇಲೆ ಗಾರೆ, ಗಾರೆಯ ಮೇಲೆ ಒಡೆದ ಬಿಳಿ ಟೈಲ್ಸಿನ ಚೂರು. ಪಡುವಣ ಗೋಡೆಯಲ್ಲಿ ಕಿಟಕಿಯೇ ಇಲ್ಲ. ಬೇರೆ ಕಡೆ ಇದ್ದ ಕಿಟಕಿಗಳ ಮೇಲೆ ಹ್ಯಾಟಿನ ಅಂಚಿನ ಹಾಗೆ ಸಜ್ಜೆ. ಬಾಗಿಲುಗಳು ಡಬ್ಬಿಯ ಮುಚ್ಚಳದಂತೆ ಬಿಗಿ. ರಾತ್ರಿ ತಂಪು ಗಾಳಿಗೆ ತೆರೆಯಲು, ಹಗಲು ಮುಚ್ಚಲು ಮೇಲೆ ಸಣ್ಣ ಕಿಂಡಿಗಳು. ಇದರಲ್ಲಿ ಅರ್ಧವನ್ನು ಪುಸ್ತಕ ಕೇಳುವುದೇ ಇಲ್ಲ. ಟೇಪಣ್ಣ ಅದನ್ನು ಮಂಜುಗಡ್ಡೆ ಡಬ್ಬಿ ಅಂತ ಕರೆದ. ಭಾವ, ನಿಮಗೆ ಬೇಕಾದಾಗ ಬಂದು ಕರಗದೆ ಕೂತುಕೊಳ್ಳಿ ಅಂತ ಬಡಗಿ ನಕ್ಕ.

ಒಂದು ದಿನ, ಏನಾದರೂ ತಪ್ಪು ಸಿಕ್ಕೇ ಸಿಗುತ್ತದೆ ಅಂತ ಟೇಪಣ್ಣ ಬಗ್ಗಿ ಎದ್ದು ಅಳೆದದ್ದೇ ಅಳೆದದ್ದು. ಸಿಕ್ಕಿತು ಕೂಡ. ಮೆಟ್ಟಿಲಿಗೆ ಹಿಡಿದು ಹತ್ತುವ ಕೈಪಿಡಿ ಇರಲಿಲ್ಲ. ಬಡಗಿ ನಾಲಗೆ ಕಚ್ಚಿಕೊಂಡ. ಶಾಖದ ಧ್ಯಾನದಲ್ಲಿ ಮಕ್ಕಳು ಮುದುಕರು ಬೀಳುವುದನ್ನು ಮರೆತಿದ್ದ. ಮರುದಿನವೇ ಚಂದದ ಮರದ ಕೈಪಿಡಿ ಕೂರಿಸಿದ. ಟೇಪಣ್ಣ ಎರಡು ದಿನ ಬೀದಿಯಲ್ಲಿ ಎದೆ ಉಬ್ಬಿಸಿ ನಡೆದ, ಮೂರನೇ ದಿನ ಮತ್ತೆ ಅದೇ ಚಡಪಡಿಕೆ. ಬೇರೆ ಏನೂ ಸಿಗಲಿಲ್ಲ.

ಆ ಬೇಸಿಗೆ ಜೋರಾಗಿತ್ತು. ಶಾಲೆ ತೆರೆಯುವ ಮೊದಲು ಅಂಗಿಗಳ ರಾಶಿ ಮುಗಿಯಬೇಕು. ಹೊಲಿಗೆಯಕ್ಕ ಒಂದು ಮಧ್ಯಾಹ್ನ ಗುಂಡಿ ಹಾಕುವ ಕೆಲಸ ಕಟ್ಟಿಕೊಂಡು ತಮ್ಮನ ಮನೆಗೆ ಹೋದಳು. ಸಂಜೆ ಬಂದಾಗ ಆಕೆಯ ರವಿಕೆ ಒಣಗಿತ್ತು, ಮುಖ ಕೆಂಪಾಗಿರಲಿಲ್ಲ. ಮರುದಿನವೂ ಹೋದಳು. ಅದರ ಮರುದಿನ ಅನ್ನ ಬಡಿಸುತ್ತಾ, ಮೇಜನ್ನು ತಮ್ಮನ ಮನೆಗೆ ಸಾಗಿಸುತ್ತೇನೆ, ಇನ್ನು ಮುಂದೆ ಹೊಲಿಗೆ ಅಲ್ಲೇ ಅಂದಳು. ಬೆಳಿಗ್ಗೆ ಹೋಗಿ ಸಂಜೆ ಬರುವುದಂತೆ, ಕಚೇರಿಗೆ ಹೋದ ಹಾಗೆ.

ಅಂದು ಟೇಪಣ್ಣ ನಮ್ಮ ಜಗಲಿಗೆ ಬಂದು ನಿಲ್ಲಲೂ ಇಲ್ಲ, ಕೂರಲೂ ಇಲ್ಲ. ಆ ತುದಿಯಿಂದ ಈ ತುದಿಗೆ ಸುತ್ತಿದ. ಅವನಿಗೆ ಯಾವುದು ಚುಚ್ಚಿತೆಂದು ನನಗೆ ಗೊತ್ತು. ಮದುವೆಯಾದಂದಿನಿಂದ ಅವನು ಬಾಗಿಲಿಗೆ ಬರುವ ಮೊದಲೇ ಮೇಲಿನಿಂದ ಆ ಯಂತ್ರದ ಕಟಕಟ ಕೇಳುತ್ತಿತ್ತು. ಬೀದಿ ಬೀದಿ ಅಲೆದು ಬಂದವನಿಗೆ ಮನೆ ಅಂದರೆ ಆ ಸದ್ದು. ಅದು ಬೀದಿಯ ಕೊನೆಗೆ ಹೋದರೆ ಉಳಿಯುವುದು ನಿಯಮದ ಪ್ರಕಾರ ಕಟ್ಟಿದ ನಾಲ್ಕು ಗೋಡೆ.

ಅವನು ಸೋಲುವವನಲ್ಲ. ಎಲ್ಲಿಂದಲೋ ಎರಡು ಥರ್ಮಾಮೀಟರು ತಂದ. ಒಂದನ್ನು ತನ್ನ ಮಹಡಿಯಲ್ಲಿ ನೇತು ಹಾಕಿದ, ಇನ್ನೊಂದನ್ನು ಬಡಗಿಯ ಮಹಡಿಯಲ್ಲಿ. ಮಧ್ಯಾಹ್ನ ಎರಡನ್ನೂ ಓದಿದಾಗ ನಡುವೆ ಇದ್ದ ಅಂತರ ನೋಡಿ, ತನ್ನದು ಕೆಟ್ಟಿದೆ ಅಂದುಕೊಂಡ. ಮಾರನೇ ದಿನ ಅದಲು ಬದಲು ಮಾಡಿದ. ಕೆಟ್ಟದ್ದು ಈಗ ಬಡಗಿಯ ಮನೆಯಲ್ಲಿ ಹೆಚ್ಚು ತೋರಿಸಬೇಕಿತ್ತು. ತೋರಿಸಲಿಲ್ಲ. ಶಾಖ ಕೋಣೆಯನ್ನು ಬಿಟ್ಟು ಥರ್ಮಾಮೀಟರಿನ ಹಿಂದೆ ಬರಲಿಲ್ಲ. ಮೂರನೆಯದೊಂದನ್ನು ಕೊಂಡು ತಂದ. ಬಿಸಿಲಲ್ಲಿ ಆ ಮನೆಯಿಂದ ಈ ಮನೆಗೆ ಗಾಜಿನ ಕಡ್ಡಿ ಹಿಡಿದು ಓಡಾಡುವ ಇನ್ಸ್‌ಪೆಕ್ಟರನ್ನು ನೋಡಿ, ಯಾರಿಗೆ ಜ್ವರ ಅಂತ ಕಿರಾಣಿ ಅಂಗಡಿಯವನು ಕೇಳಿದನಂತೆ.

ಸಂಜೆ ಅವನು ನಿಯಮದ ಪುಸ್ತಕ ತೆಗೆದು ಮೊದಲ ಪುಟದಿಂದ ಓದಲು ಶುರುಮಾಡಿದ. ನಾನು ಅಂಗಿಗೆ ಕಾಜ ಹಾಕಿಸಿಕೊಳ್ಳಲು ಹೋಗಿದ್ದೆ, ಕೂತು ನೋಡಿದೆ. ಪುಟ ತಿರುವುತ್ತಾ ಮುಂದೆ ಹೋದ, ಹಿಂದೆ ಬಂದ, ಮತ್ತೆ ಮುಂದೆ ಹೋದ. ಹೊಲಿಗೆಯಕ್ಕ ನನ್ನ ಅಂಗಿಯ ದಾರ ಹಲ್ಲಿನಿಂದ ಕಡಿದು, ತಲೆಯೆತ್ತದೆ ಕೇಳಿದಳು.

"ಮನೆ ಬೀಳಬಾರದು ಅಂತ ಅದರಲ್ಲಿ ಬರೆದಿದೆ ಅಲ್ವಾ?"

"ಬರೆದಿದೆ."

"ಬೆಂಕಿ ಬಿದ್ದರೆ ಓಡೋಕೆ ದಾರಿ ಇರಬೇಕು ಅಂತ?"

"ಅದೂ ಇದೆ ಕಣೆ. ಎಲ್ಲ ಇದೆ."

"ಹಗಲೆಲ್ಲ ಒಳಗೆ ಕೂತಿರೋಳ ವಿಷಯ ಎಲ್ಲಾದ್ರೂ ಇದೆಯಾ ನೋಡಿ ಹೇಳಿ."

 ಪಾಸಾದ ಕೋಣೆ ಅನ್ನುವ ಮಾತು ಅವನ ನಾಲಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಅದನ್ನು ನುಂಗಿಕೊಂಡು ಪುಸ್ತಕ ಮಡಿಸಿ ಹೊರಗೆ ಹೋಗಿಬಿಟ್ಟ. ಬೀದಿಯಲ್ಲಿ ನಾಲ್ಕು ಸುತ್ತು ಹಾಕಿರಬೇಕು.

ರಜೆಯ ದಿನ ಬಡಗಿ ಇಬ್ಬರು ಆಳುಗಳನ್ನು ಕರೆದುಕೊಂಡು ಮೇಜು ಸಾಗಿಸಲು ಬಂದ. ನನ್ನನ್ನೂ ಕೈ ಹಾಕಲು ಕರೆದರು. ಕೋಣೆಯ ಬಾಗಿಲು ದಾಟಿಸಿದೆವು, ಮೊದಲ ಆರೇಳು ಮೆಟ್ಟಿಲು ಇಳಿಸಿದೆವು. ಮೆಟ್ಟಿಲು ತಿರುಗುವಲ್ಲಿ ಚೌಕನೆಯ ಒಂದು ಜಾಗವಿದೆ, ಪಕ್ಕದಲ್ಲಿ ಸಣ್ಣ ಕಿಟಕಿ. ಅಲ್ಲಿ ಮೇಜು ನಿಂತಿತು. ಓರೆ ಮಾಡಿದೆವು, ಎತ್ತಿ ನಿಲ್ಲಿಸಿದೆವು, ಉದ್ದ ಹಲಗೆ ಗೋಡೆಗೆ ಬಡಿದು ಸುಣ್ಣ ಉದುರಿತು. ಕೆಳಕ್ಕೆ ಹೋಗಲೊಲ್ಲದು. ಟೇಪಣ್ಣ ಮೇಲಿನ ಮೆಟ್ಟಿಲಿನಿಂದ ಟೇಪು ಬಿಚ್ಚಿ ತಿರುವನ್ನು ಅಳೆದ. ಅಳೆದು, ಮೆಟ್ಟಿಲು ಸರಿಯಾಗಿದೆ ಅಂದ.

ಬಡಗಿಗೆ ನಗು ತಡೆಯಲಾಗಲಿಲ್ಲ. "ಮೆಟ್ಟಿಲು ಪಾಸು, ಮೇಜು ಫೇಲು. ಅಲ್ವಾ ಭಾವ?"

ಗರಗಸ ಹಾಕಲು ಅವನಿಗೂ ಮನಸ್ಸು ಬರಲಿಲ್ಲ, ತಂದೆಯ ಕೈಕೆಲಸ. ಬಂದ ದಾರಿಯೇ ಗತಿ ಅಂದ. ಮುಂದಿನ ರಜೆಗೆ ಬಂದು ಪಡುವಣ ಕಿಟಕಿಯ ಚೌಕಟ್ಟು ಕಿತ್ತು, ಹಗ್ಗ ಕಟ್ಟಿ ಕೆಳಗಿಳಿಸುವುದು. ಅಲ್ಲಿಯವರೆಗೆ ಮೇಜು ತಿರುವಿನಲ್ಲೇ ಇರಲಿ, ಮತ್ತೆ ಎತ್ತಿ ಇಳಿಸಿ ಯಾಕೆ ಸೊಂಟ ಮುರಿದುಕೊಳ್ಳುವುದು ಅಂತ ಆಳುಗಳೂ ಹೇಳಿದರು. ಹೊಲಿಗೆಯಕ್ಕ ಒಂದು ಸ್ಟೂಲು ತಂದು ಅಲ್ಲೇ ಕೂತು ಪೆಡಲು ತುಳಿಯಲು ಶುರುಮಾಡಿದಳು. ಬಿಸಿಲು ಅಲ್ಲಿ ಬೀಳುವುದಿಲ್ಲ, ಸಣ್ಣ ಕಿಟಕಿಯಿಂದ ಗಾಳಿ ಬರುತ್ತದೆ. ಮೇಲಿನ ಕೋಣೆಗಿಂತ ಮೆಟ್ಟಿಲೇ ವಾಸಿ ಅಂದಳು. ಗಂಡನ ಕಿವಿಗೆ ಬೀಳಲಿ ಅಂತಲೇ ಅಂದಳು ಅನ್ನಿಸುತ್ತದೆ.

ಈಗ ಯಾರಿಗಾದರೂ ಮೇಲೆ ಹೋಗಬೇಕಾದರೆ ಮೇಜಿನ ಕೆಳಗೆ ಅಂಬೆಗಾಲಿಡಬೇಕು. ಸೊಂಟದಲ್ಲಿ ಟೇಪು ಸಿಕ್ಕಿಸಿಕೊಂಡ ಇನ್ಸ್‌ಪೆಕ್ಟರು ಹೆಂಡತಿಯ ಕಾಲಿನ ಪಕ್ಕದಿಂದ ನುಸುಳಿ ಮೇಲೆ ಹೋಗುವುದು, ಮತ್ತೆ ನುಸುಳಿ ಕೆಳಗೆ ಬರುವುದು. ಒಂದು ಸಲ ಎದ್ದೇಳುವಾಗ ತಲೆ ಹಲಗೆಗೆ ಬಡಿಯಿತು. ನುಸುಳೋ ದಾರಿಗೆ ಎಷ್ಟು ಎತ್ತರ ಇರಬೇಕು ಅಂತ ಪುಸ್ತಕದಲ್ಲಿ ನೋಡಿಕೊಂಡು ಬನ್ನಿ ಅಂತ ಆಕೆ ತಣ್ಣಗೆ ಹೇಳಿದಳಂತೆ.

ಆ ಪೆಟ್ಟು ಬಿದ್ದದ್ದೇ ಒಳ್ಳೆಯದಾಯಿತು. ಅವನು ಆ ಉರಿಬಿಸಿಲಲ್ಲೇ ತಾರಸಿಗೆ ಹೋಗಿ ಬರಿಗಾಲಲ್ಲಿ ನಿಂತ. ಎರಡು ಉಸಿರು ನಿಲ್ಲಲಾಗಲಿಲ್ಲ, ಕಾಲೆತ್ತಿ ಕುಣಿದ. ಆ ಕಾದ ಕಾವಲಿಯಂಥ ತಾರಸಿಯ ಕೆಳಗೆ ಆಕೆ ಎಷ್ಟು ಬೇಸಿಗೆ ಕೂತಿದ್ದಳು ಅನ್ನುವುದು ಅವನಿಗೆ ಅಂಗಾಲಿನಿಂದ ತಲೆಗೆ ಹತ್ತಿತು. ನೇರ ಬಡಗಿಯ ಮನೆಗೆ ಹೋದ, ನನ್ನನ್ನೂ ಎಳೆದುಕೊಂಡು.

ಬಡಗಿ ಹೊರಗೆ ಮರ ಹೆರೆಯುತ್ತಿದ್ದ. ಟೇಪಣ್ಣ ಅದೂ ಇದೂ ಮಾತಾಡಿದ, ಗೋಡೆ ಕುಟ್ಟಿದ, ಕೈಪಿಡಿ ಅಲುಗಾಡಿಸಿ ನೋಡಿದ. ಕೊನೆಗೆ, ನಿನ್ನ ತಾರಸಿಯ ಮೇಲೆ ಹಾಸಿದ ಹಲಗೆಗಳು ಮಿಕ್ಕಿವೆಯೇನಯ್ಯಾ ಅಂತ ಕೇಳಿದ. ಆ ಒಂದು ಮಾತು ಹೊರಡಿಸಲು ಅವನಿಗೆ ಎಷ್ಟು ಕಷ್ಟವಾಯಿತೆಂದರೆ ಕತ್ತಿನ ನರ ಎದ್ದಿತ್ತು.

ಬಡಗಿ ಉಳಿ ಕೆಳಗಿಟ್ಟ. "ಯಾಕೆ ಭಾವ, ಅದು ನಿಯಮದಲ್ಲಿ ಇಲ್ವಲ್ಲ?"

"ಇಲ್ಲ. ಬೇಡ ಅಂತಲೂ ಇಲ್ಲ. ಅಲ್ಲಿ ಬರೆದಿರೋದು ಇದಕ್ಕಿಂತ ಕೆಳಗೆ ಇಳೀಬೇಡ ಅಂತ. ಅಲ್ಲೇ ನಿಲ್ಲು ಅಂತ ನಾನು ಓದಿಕೊಂಡೆ. ಹಲಗೆ ಇದೆಯೋ ಇಲ್ವೋ ಅದನ್ನ ಹೇಳು."

 ಬಡಗಿ ಹಿತ್ತಲಿನಿಂದ ಹಲಗೆಗಳನ್ನು ಹೊತ್ತು ತಂದ.

ಆ ವಾರ ಟೇಪಣ್ಣ ಕಚೇರಿಯಿಂದ ಬಂದವನೇ ತಾರಸಿಗೆ. ಮೇಜಿನ ಕೆಳಗೆ ನುಸುಳಿ ಹೋದರೆ ಕತ್ತಲಾಗುವವರೆಗೆ ಇಳಿಯುತ್ತಿರಲಿಲ್ಲ. ಹಲಗೆ, ಮರಳು, ಒಡೆದ ಟೈಲ್ಸು ಎಲ್ಲ ಹೊರಗಿನಿಂದ ಹಗ್ಗದಲ್ಲಿ ಮೇಲೇರಿದವು. ಹಲಗೆ ಸಂದಿಲ್ಲದೆ ಜೋಡಿಸಿದೆವು. ಅದರ ಮೇಲೆ ನಾನು ಗಾರೆ ಎಳೆದು ನೀರು ಹರಿಯುವ ಇಳಿಜಾರು ಕೊಟ್ಟೆ. ಬಿಳಿ ಚೂರುಗಳನ್ನು ಅವನೇ ಕೂತು ಒತ್ತಿದ. ಹೌದು, ಕೂತು. ಆದರೂ ಬಾಯಿ ಸುಮ್ಮನಿರಲಿಲ್ಲ. ರಜೆಯ ದಿನದೊಳಗೆ ಆಗುತ್ತದಾ, ಗಾರೆ ಒಣಗುತ್ತದಾ, ಆಕೆ ಏನಾದರೂ ಅಂದಳಾ ಅಂತ ನನ್ನ ಪ್ರಾಣ ತಿಂದ.  ಕೆಳಗಿನಿಂದ ಆಕೆಯ ಯಂತ್ರದ ಕಟಕಟ ಸದ್ದು ಮಾತ್ರ ಬರುತ್ತಿತ್ತು. ನಿಂತರೆ ಇವನು ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದ, ಮತ್ತೆ ಶುರುವಾದರೆ ಇವನೂ ಶುರು.

ಉಳಿದದ್ದು ಪಡುವಣ ಕಿಟಕಿ. ಇಳಿಬಿಸಿಲು ತಡೆಯಲು ಬಡಗಿ ಹೇಳಿದಷ್ಟು ಉದ್ದದ ಸಜ್ಜೆ ಹಾಕಿದರೆ ನಿಯಮ ಬಿಟ್ಟ ಮಿತಿಗಿಂತ ಅಂಗೈಯಗಲ ಹೊರಗೆ ಚಾಚುತ್ತದೆ. ನಿನ್ನನ್ನು ಯಾರು ಅಳೆಯುತ್ತಾರೆ ಮಾರಾಯ ಅಂತ ನಾನಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ನನ್ನ ಗಾರೆ ಅಲ್ಲೇ ಗಟ್ಟಿಯಾಗಬೇಕಿತ್ತು. ಊರವರದ್ದನ್ನೆಲ್ಲ ಒಡೆಸಿದವನು ತನ್ನದನ್ನು ಚಾಚಿ ನಿಲ್ಲಿಸುವವನಲ್ಲ. ಎರಡು ದಿನ ಆ ಕಿಟಕಿಯ ಮುಂದೆ ಬೋನಿಗೆ ಬಿದ್ದ ಹುಲಿಯ ಹಾಗೆ ಓಡಾಡಿದ.

ರಜೆಯ ದಿನ ಬೆಳಿಗ್ಗೆ ಬಡಗಿ ಹಗ್ಗ, ಉಳಿ, ಆಳು ಎಲ್ಲದರ ಸಮೇತ ಚೌಕಟ್ಟು ಕೀಳಲು ಬಂದ. ಟೇಪಣ್ಣ ಕಿಟಕಿಗೆ ಅಡ್ಡ ನಿಂತ. ಹೊರಕ್ಕೆ ಚಾಚುವುದು ಬೇಡ, ಗೋಡೆಗೆ ಅಂಟಿಕೊಂಡಂತೆ ಕಿಟಕಿಯ ಹೊರಗೆ ಮರದ ಪಟ್ಟಿಗಳ ಜೋಡಿ ಬಾಗಿಲು ಮಾಡಿಕೊಡು ಅಂದ. ಪಟ್ಟಿಗಳು ಓರೆಯಾಗಿರಬೇಕು, ಗಾಳಿ ಬರಬೇಕು, ಬಿಸಿಲು ಬರಬಾರದು, ಬೆಳಿಗ್ಗೆ ಬೆಳಕಿಗೆ ಪೂರ್ತಿ ತೆರೆಯುವ ಹಾಗಿರಬೇಕು. ಗೋಡೆಗಂಟಿದ್ದನ್ನು ಪುಸ್ತಕ ಯಾಕೆ ಅಂತ ಕೇಳುವುದಿಲ್ಲ. ಬಡಗಿ ಅಕ್ಕನ ಮುಖ ನೋಡಿದ. ಆಕೆ ಮೆಟ್ಟಿಲಿನಲ್ಲಿ ಕೂತೇ, ಮಾಡಿಕೊಡು, ನೋಡೋಣ ಅಂದಳು. ಆಳಿಗೆ ಅಂದು ಅರ್ಧ ದಿನವೂ ಕೆಲಸವಿಲ್ಲದೆ ಹೋಯಿತು. ಬಡಗಿ ಅಲ್ಲೇ ಅಂಗಳದಲ್ಲಿ ಅಳತೆ ತೆಗೆದು ಪಟ್ಟಿ ಕುಯ್ಯಲು ಕೂತ.

ಬಾಗಿಲು ಕೂರಿಸಿದ ಮಧ್ಯಾಹ್ನ ಬಿಸಿಲು ಯಾವತ್ತಿನ ಹಾಗೇ ಇತ್ತು. ಹೊಲಿಗೆಯಕ್ಕ ಮೇಜಿನ ಕೆಳಗಿನಿಂದ ನುಸುಳಿ, ಸೆರಗು ಕೊಡವಿಕೊಂಡು ಮೇಲೆ ಹೋದಳು. ಗಂಡ ಮೂರೂ ಥರ್ಮಾಮೀಟರು ಸಾಲಾಗಿ ನೇತು ಹಾಕಿದ್ದ. ಆಕೆ ಅವುಗಳತ್ತ ತಿರುಗಿಯೂ ನೋಡಲಿಲ್ಲ. ಕೋಣೆಯ ನಡುವೆ ಚಾಪೆ ಹಾಕಿ ಕೂತು, ಒಂದು ಅಂಗಿಗೆ ಗುಂಡಿ ಹಾಕಿದಳು, ಇನ್ನೊಂದಕ್ಕೆ ಹಾಕಿದಳು. ನಾವು ಮೂವರು ಗಂಡಸರು ಬಾಗಿಲಲ್ಲಿ ಪರೀಕ್ಷೆಗೆ ಬಂದ ಹುಡುಗರ ಹಾಗೆ ನಿಂತಿದ್ದೆವು. ಟೇಪಣ್ಣನ ಗೆಣ್ಣು ಚೌಕಟ್ಟನ್ನು ಕುಟ್ಟುತ್ತಲೇ ಇತ್ತು. ಕೊನೆಗೆ ಆಕೆ ಮೊಣಕೈಯ ಒಳಗನ್ನು ಮುಟ್ಟಿ ನೋಡಿಕೊಂಡಳು. ಅಂಗಿಯ ತೋಳನ್ನು ತಿರುಗಿಸಿ ನೋಡಿದಳು. ಕಲೆಯಿರಲಿಲ್ಲ.

ನಿನ್ನ ಮನೆಯಷ್ಟು ಇಲ್ಲ ಅಂತ ತಮ್ಮನಿಗೆ ಹೇಳಿದಳು. ನಿಜವೇ ಹೇಳಿದಳು, ಒಂಟಿ ಗೋಡೆಯ ಮನೆ ಮೇಲೆ ಟೊಪ್ಪಿ ಹಾಕಿದರೆ ಜೋಡಿ ಗೋಡೆಯದಾಗುವುದಿಲ್ಲ. ಟೇಪಣ್ಣನ ಕೈ ಕುಟ್ಟುವುದನ್ನು ನಿಲ್ಲಿಸಿತು. ಆಕೆ ದಾರ ಕಡಿದು, ಗಂಡನ ಕಡೆ ತಿರುಗಿದಳು.

"ಮೇಜನ್ನ ಮೇಲಕ್ಕೇ ಎತ್ತಿ ತನ್ನಿ."

ತಂದೆವು. ಇಳಿಸುವಾಗ ಉದುರಿದ ಸುಣ್ಣದ ಜಾಗದಲ್ಲೇ ಮತ್ತೊಂದಿಷ್ಟು ಉದುರಿತು. ಈಗ ಕಚೇರಿಯಲ್ಲಿ ಟೇಪಣ್ಣ ನಕ್ಷೆ ಹಿಡಿದು ಬಂದವರನ್ನು ಪಾಸು ಮಾಡಿದ ಮೇಲೂ ಬಿಡುವುದಿಲ್ಲವಂತೆ. ಈ ಕೋಣೆಯಲ್ಲಿ ಹಗಲು ಯಾರು ಕೂರುತ್ತಾರೆ, ಇಳಿಬಿಸಿಲು ಎಲ್ಲಿಂದ ಬರುತ್ತದೆ ಅಂತ ಕೇಳಿ ತಲೆ ತಿನ್ನುತ್ತಾನಂತೆ. ಪಾಸಾಯಿತಲ್ಲ ಸ್ವಾಮಿ, ಬಿಡಿ ಅಂತ ಜನ ಎದ್ದು ಹೋಗುತ್ತಾರಂತೆ.

ಚಳಿ ಶುರುವಾದ ಮೇಲೆ ಮೊನ್ನೆ ಅವರ ಮಹಡಿಗೆ ಹೋಗಿದ್ದೆ. ಆಕೆ ಕಾಲಿಗೆ ಕಂಬಳಿ ಸುತ್ತಿಕೊಂಡು ಹೊಲಿಯುತ್ತಿದ್ದಳು. ಬಾಗಿಲ ಕೆಳಗಿನಿಂದ ಕಾಲಿಗೆ ತಣ್ಣಗೆ ಬಡಿಯುತ್ತದೆ ಅಂತ ಒಂದು ಮಾತು ಅಂದಿದ್ದಳಂತೆ, ಅಷ್ಟೇ. ಟೇಪಣ್ಣ ಬಾಗಿಲ ಬಳಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದ. ಕೈಯಲ್ಲಿ ಟೇಪು ಇರಲಿಲ್ಲ. ಹೆಂಡತಿಯ ನೂಲುಂಡೆಯಿಂದ ಎಳೆದ ಒಂದು ಬಿಳಿ ದಾರವನ್ನು ಸಂದಿನ ಉದ್ದಕ್ಕೂ ಸರಿಸುತ್ತಾ, ಒಳನುಗ್ಗುವ ಗಾಳಿಗೆ ಅದು ಎಲ್ಲಿ ಅಲುಗುತ್ತದೆ ಅಂತ ನೋಡುತ್ತಿದ್ದ. ಉಸಿರು ಬಿಡಬೇಡ ಮಾರಾಯ, ದಾರ ಅಲುಗುತ್ತದೆ ಅಂತ ನನ್ನನ್ನೇ ಗದರಿದ.